ಒಂದಗುಳಿನ ಪರೀಕ್ಷೆ: ಬಟ್ಟೆಯ ಚೂರು ಹೇಳುವ ಸತ್ಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎನ್ನುವುದು ಅಡುಗೆಮನೆಯ ಹಳೆಯ ಜಾಣ್ಮೆ. ಬಟ್ಟೆಯ ವ್ಯವಹಾರದಲ್ಲಿ ಆ ಒಂದಗುಳಿನ ಕೆಲಸ ಮಾಡುವುದು ಅಂಗೈಯಗಲದ ಒಂದು ಚೂರು. ಹಳಬರು ಅದನ್ನು ನಮೂನೆ ಎನ್ನುತ್ತಿದ್ದರು, ಇಂದಿನವರು ಸ್ಯಾಂಪಲ್ ಎನ್ನುತ್ತಾರೆ. ಸೀರೆಗೆ ಹೊಂದುವ ರವಿಕೆ ಕಣ ಹುಡುಕುವ ಹೆಂಗಸರು ಸೀರೆಯ ಒಳತುದಿಯಿಂದ ಕತ್ತರಿಸಿದ ಚೂರೊಂದನ್ನು ಪರ್ಸಿನಲ್ಲಿಟ್ಟುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗುತ್ತಾರೆ. ಅಂಗಡಿಯವರು ತೆಗೆದುಕೊಟ್ಟ ಬಟ್ಟೆಯನ್ನು ಅಲ್ಲಿಯೇ ಒಪ್ಪಿಬಿಡುವುದಿಲ್ಲ. ಚೂರಿನ ಜೊತೆ ಹಿಡಿದು, ಬಾಗಿಲಾಚೆ ಬಂದು, ಬಿಸಿಲಿನಲ್ಲಿ ಒಮ್ಮೆ ನೋಡುತ್ತಾರೆ.

ಒಂದು ಮೀಟರು ಬಟ್ಟೆಗೆ ಇಷ್ಟು ಎಚ್ಚರ ವಹಿಸುವ ಸಮಾಜ ನೂರಾರು ಮೀಟರುಗಳ ವಿಷಯದಲ್ಲಿ ಮೈಮರೆಯುವುದು ವಿಚಿತ್ರ. ಶಾಲೆಯ ಸಮವಸ್ತ್ರಕ್ಕೆ, ಮದುವೆ ಮನೆಯವರ ಒಂದೇ ಬಗೆಯ ಉಡುಪಿಗೆ, ಸಣ್ಣ ಉದ್ಯಮಿಯ ಅಚ್ಚಿನ ಬಟ್ಟೆಗೆ ಫೋನಿನ ಪರದೆಯ ಮೇಲಿನ ಚಿತ್ರ ನೋಡಿಯೇ ಬೇಡಿಕೆ ಸಲ್ಲಿಸುವುದುಂಟು. ಸರಕು ಬಂದ ಮೇಲೆ ‘ಇದು ನಾವು ಹೇಳಿದ ಬಣ್ಣವಲ್ಲ’ ಎಂಬ ಜಗಳ ಶುರುವಾಗುತ್ತದೆ. ಯಾರು ಸರಿ ಎಂದು ತೀರ್ಮಾನಿಸಲು ಇಬ್ಬರ ಬಳಿಯೂ ಸಾಕ್ಷ್ಯವಿರುವುದಿಲ್ಲ. ನಮೂನೆಯ ನಿಜವಾದ ಮಹತ್ವ ಇರುವುದು ಇಲ್ಲಿ. ಅದು ಕೊಳ್ಳುವವರಿಗೆ ಪರೀಕ್ಷೆಯ ವಸ್ತು, ಕೊಡುವವರಿಗೆ ರಕ್ಷಣೆ, ಇಬ್ಬರ ನಡುವೆ ಸಾಕ್ಷಿ.

ಸೂರತ್‌ಗೆ ಬಂದ ಪತ್ರ

ಬರಿಯ ಮಾತಿನಿಂದ ಬಣ್ಣವನ್ನು ವಿವರಿಸುವುದು ಎಷ್ಟು ಕಷ್ಟವೆಂಬುದನ್ನು ಈಸ್ಟ್ ಇಂಡಿಯಾ ಕಂಪನಿ ಬಹಳ ಹಿಂದೆಯೇ ಕಂಡುಕೊಂಡಿತು. ಭಾರತದ ಚಿತ್ತಾರದ ಹತ್ತಿ ಬಟ್ಟೆ, ಅಂದರೆ ಚೀಟಿ ಬಟ್ಟೆಯ ಹೊದಿಕೆಗಳು ಲಂಡನ್ನಿನಲ್ಲಿ ಮಾರಾಟವಾಗುತ್ತಿದ್ದವು. 1643ರಲ್ಲಿ ಕಂಪನಿಯ ನಿರ್ದೇಶಕರು ಸೂರತ್‌ನ ತಮ್ಮ ಕೋಠಿಗೆ ಬರೆದ ಪತ್ರದಲ್ಲಿ ಒಂದು ದೂರಿತ್ತು. ಬರುತ್ತಿರುವ ಹೊದಿಕೆಗಳಲ್ಲಿ ಹೆಚ್ಚಿನವುಗಳ ಹಿನ್ನೆಲೆ ಮಂಕು ಕೆಂಪು. ಅದು ಎಲ್ಲ ಗಿರಾಕಿಗಳಿಗೂ ಹಿಡಿಸುತ್ತಿಲ್ಲ. ಇನ್ನು ಮುಂದೆ ಬಿಳಿಯ ನೆಲವೇ ಹೆಚ್ಚಾಗಿದ್ದು, ಹೂಬಳ್ಳಿಗಳು ನಡುವೆ ಬಣ್ಣದಲ್ಲಿ ಬರಲಿ ಎಂಬುದು ಅದರ ಸಾರಾಂಶ.

ಹಾಯಿಹಡಗಿನ ಆ ಕಾಲದಲ್ಲಿ ಇಂಥ ಪತ್ರ ಸೂರತ್ ಮುಟ್ಟುವುದಕ್ಕೇ ತಿಂಗಳುಗಳು ಬೇಕು. ಬಟ್ಟೆ ಸಿದ್ಧವಾಗಿ ಲಂಡನ್ ಸೇರಲು ಮತ್ತಷ್ಟು ತಿಂಗಳು. ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಲು ವರ್ಷಕ್ಕೂ ಮಿಕ್ಕಿದ ಸಮಯ ಹಿಡಿಯುತ್ತಿತ್ತು. ಆದ್ದರಿಂದಲೇ ಮುಂದಿನ ದಶಕಗಳಲ್ಲಿ ಮಾತಿನ ಜೊತೆಗೆ ಮಾದರಿಗಳನ್ನೂ ಕಳಿಸುವ ರೂಢಿ ಬೆಳೆಯಿತು. ಇಂಥ ಮಾದರಿಗೆ ಭಾರತದ ಬಂದರುಗಳಲ್ಲಿ ‘ಮಸ್ಟರ್’ ಎಂಬ ಹೆಸರಿತ್ತು. ತೋರಿಸುವುದು ಎಂಬ ಅರ್ಥದ ಪೋರ್ಚುಗೀಸ್ ‘ಮೋಸ್ತ್ರ’ ಅದರ ಮೂಲ. ಹಾಜರಿ ಪುಸ್ತಕವನ್ನು ಮಸ್ಟರ್ ರೋಲ್ ಎನ್ನುವಾಗ ಬರುವ ಪದವೂ ಅದೇ ಲ್ಯಾಟಿನ್ ಬೇರಿನದು.

ಬಣ್ಣ ಹುಟ್ಟುವುದು ಬಟ್ಟೆಯ ಮೇಲೆ

ಅಚ್ಚು ಹಾಕಿಸುವ ಮೊದಲು ಅದೇ ಬಟ್ಟೆಯ ಮೇಲೆ ನಮೂನೆ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕೋರಮಂಡಲ ಕರಾವಳಿಯ ಕುಶಲಕರ್ಮಿಗಳ ಕೆಲಸದಲ್ಲಿದೆ. ಅವರು ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸುತ್ತಿದ್ದರು. ಹಾಲಿನ ಜಿಡ್ಡು ದ್ರಾವಣ ಹರಡದಂತೆ ತಡೆಯುತ್ತಿತ್ತು. ಬಳಿಕ ಕೆಂಪು ಬೇಕಾದಲ್ಲಿ ಪಟಿಕದ ನೀರಿನಿಂದಲೂ ಕಪ್ಪು ಬೇಕಾದಲ್ಲಿ ಕಬ್ಬಿಣದ ದ್ರಾವಣದಿಂದಲೂ ಬರೆಯುತ್ತಿದ್ದರು. ಪಟಿಕದ ನೀರಿಗೆ ತನ್ನದೇ ಆದ ಬಣ್ಣವಿಲ್ಲ. ‘ಚೇ’ ಗಿಡದ ಬೇರು ಹಾಕಿದ ನೀರಿನಲ್ಲಿ ಬಟ್ಟೆಯನ್ನು ಕುದಿಸಿದಾಗಲೇ ಪಟಿಕ ಸವರಿದ ಜಾಗ ಕೆಂಪಾಗಿ ಎದ್ದು ಬರುತ್ತಿತ್ತು. ನೀಲಿಗೆ ಬೇರೆ ದಾರಿ: ಬೇಡದ ಜಾಗಕ್ಕೆ ಮೇಣ ಸವರಿ ನೀಲಿಯ ತೊಟ್ಟಿಯಲ್ಲಿ ಅದ್ದುವುದು.

1734ರ ಸುಮಾರಿಗೆ ಪುದುಚೇರಿಯಲ್ಲಿದ್ದ ಬೋಲ್ಯೂ ಎಂಬ ಫ್ರೆಂಚ್ ನೌಕಾಧಿಕಾರಿ ಈ ಗುಟ್ಟನ್ನು ತಿಳಿಯಲು ಹೊರಟ. ಕೆಲಸವನ್ನು ಕಣ್ಣಾರೆ ನೋಡಿ ಬರೆದುಕೊಂಡಿದ್ದಲ್ಲದೆ, ಒಂದೊಂದು ಹಂತ ಮುಗಿದಾಗಲೂ ಬಟ್ಟೆಯಿಂದ ಒಂದು ಚೂರನ್ನು ಕತ್ತರಿಸಿ ತೆಗೆದಿಟ್ಟ. ಆ ಚೂರುಗಳನ್ನು ಅಂಟಿಸಿದ ಹಸ್ತಪ್ರತಿ ಪ್ಯಾರಿಸಿನಲ್ಲಿ ಉಳಿದುಬಂದಿದೆ. ಬರಹ ಹೇಳಲಾಗದ್ದನ್ನು ಚೂರು ಹೇಳುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ಇಂದಿನ ಅಚ್ಚಿನ ಯಂತ್ರಗಳ ಮಾತೂ ಬೇರೆಯಲ್ಲ. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ಅಚ್ಚಾದ ಕೂಡಲೆ ಮಂಕಾಗಿರುತ್ತವೆ. ಹಬೆಯಲ್ಲಿ ಬೆಂದು, ತೊಳೆದಾದ ಮೇಲೆ ಅವುಗಳ ನಿಜರೂಪ ಕಾಣುತ್ತದೆ. ಪಾಲಿಯೆಸ್ಟರ್‌ಗೆ ಹಿಡಿಯುವ ಬಣ್ಣ ಹತ್ತಿಗೆ ಹಿಡಿಯದು. ಒಂದೇ ಕೆಂಪು ಬಿಳುಪು ಮಾಡಿದ ಬಟ್ಟೆಯ ಮೇಲೆ ಒಂದು ಥರ, ಕೋರಾ ಬಟ್ಟೆಯ ಮೇಲೆ ಇನ್ನೊಂದು ಥರ. ಪರದೆಯ ಮೇಲಿನ ಬಣ್ಣ ಬೆಳಕನ್ನು ಸೂಸುತ್ತದೆ, ಬಟ್ಟೆಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಎರಡೂ ಒಂದೇ ಆಗಿರಬೇಕೆಂದು ಬಯಸುವುದೇ ತಪ್ಪು.

ಕಣ್ಣಿಗೆ ಆಗುವ ಮೋಸ

ನಮೂನೆ ಕೈಗೆ ಬಂದರೂ ಅದನ್ನು ನೋಡುವ ಕ್ರಮವೊಂದಿದೆ. 1824ರಲ್ಲಿ ಮಿಷೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಪ್ಯಾರಿಸಿನ ಗೋಬ್ಲೆನ್ ಕಾರ್ಯಾಗಾರದ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಗೋಡೆಗೆ ತೂಗುಹಾಕುವ ಚಿತ್ರಪಟಗಳನ್ನು ನೇಯುತ್ತಿದ್ದ ಸರ್ಕಾರಿ ಕಾರ್ಯಾಗಾರ ಅದು. ನೀಲಿ ಮತ್ತು ನೇರಳೆ ಉಡುಪುಗಳ ನೆರಳು ತೋರಿಸಲು ಬಳಸುವ ಕಪ್ಪು ಉಣ್ಣೆ ಸತ್ವಹೀನವಾಗಿದೆ ಎಂಬ ದೂರು ಅವನ ಮುಂದೆ ಬಂತು. ಶೆವ್ರಲ್ ಬೇರೆ ಹೆಸರಾಂತ ಕಾರ್ಯಾಗಾರಗಳ ಕಪ್ಪು ಉಣ್ಣೆಯ ನಮೂನೆಗಳನ್ನು ತರಿಸಿ ಹೋಲಿಸಿದ. ತನ್ನಲ್ಲಿಯ ಕಪ್ಪು ಯಾವುದಕ್ಕೂ ಕಡಮೆಯಿರಲಿಲ್ಲ. ದೋಷವಿದ್ದದ್ದು ಬಣ್ಣದಲ್ಲಲ್ಲ, ಅದರ ನೆರೆಹೊರೆಯಲ್ಲಿ. ಪಕ್ಕದ ನೀಲಿ, ನೇರಳೆಗಳ ಪ್ರಭಾವದಿಂದ ಕಣ್ಣಿಗೆ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಈ ತತ್ವವನ್ನು ವಿವರಿಸುವ ಅವನ ಪ್ರಸಿದ್ಧ ಗ್ರಂಥ 1839ರಲ್ಲಿ ಪ್ರಕಟವಾಯಿತು.

ನಮೂನೆಯನ್ನು ಒಂಟಿಯಾಗಿ ನೋಡಬಾರದು ಎಂಬುದು ಇದರ ಪಾಠ. ಪರದೆಯ ಬಟ್ಟೆಯಾದರೆ ಗೋಡೆಯ ಪಕ್ಕದಲ್ಲಿ, ಕುಪ್ಪಸದ ಬಟ್ಟೆಯಾದರೆ ಸೀರೆಯ ಅಂಚಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಬೆಳಕಿನ ಮಾತೂ ಹಾಗೆಯೇ. ಬೇರೆ ಬೇರೆ ಬಣ್ಣಗಳ ಮಿಶ್ರಣದಿಂದ ತಯಾರಾದ ಎರಡು ಬಟ್ಟೆಗಳು ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡು, ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಇದಕ್ಕೆ ವಿಜ್ಞಾನದಲ್ಲಿ ಮೆಟಮೆರಿಸಂ ಎಂದು ಹೆಸರು. ಗಿರಣಿಗಳು ಹಗಲಿನ ಬೆಳಕು, ಅಂಗಡಿಯ ಬೆಳಕು ಮುಂತಾದ ಹಲವು ದೀಪಗಳಿರುವ ಪೆಟ್ಟಿಗೆಯಲ್ಲಿ ನಮೂನೆಯಿಟ್ಟು ನೋಡುವುದು ಇದಕ್ಕಾಗಿಯೇ. ಅಂಗಡಿಯಿಂದ ಬಿಸಿಲಿಗೆ ಬರುವ ಹೆಂಗಸರು ಮಾಡುವುದೂ ಅದೇ ಪರೀಕ್ಷೆ.

ಹದಿನಾಲ್ಕು ಸಾವಿರ ಚೂರುಗಳು

ಬಟ್ಟೆಯ ಚೂರಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಭಾರತದ ಇತಿಹಾಸದಲ್ಲೇ ಕಹಿಯಾದ ಉದಾಹರಣೆಯಿದೆ. 1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಅಧಿಕಾರಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಜವಳಿಯ ನಮೂನೆಗಳ 18 ಸಂಪುಟಗಳನ್ನು ಸಿದ್ಧಪಡಿಸಿದ. ಅವುಗಳಲ್ಲಿದ್ದದ್ದು ಚಿತ್ರಗಳಲ್ಲ, 700 ಬಟ್ಟೆಗಳಿಂದ ಕತ್ತರಿಸಿ ಅಂಟಿಸಿದ ನಿಜವಾದ ಚೂರುಗಳು. ಇಂಥ 20 ಪ್ರತಿಗಳು ತಯಾರಾದವು. ಒಟ್ಟು ಹದಿನಾಲ್ಕು ಸಾವಿರ ಚೂರುಗಳು. 13 ಪ್ರತಿಗಳು ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು.

ಪಂಚೆ, ಪೇಟ, ಸೀರೆಗಳ ಉದ್ದ, ಅಗಲ, ತೂಕ, ಊರುಗಳ ವಿವರವೂ ಜೊತೆಗಿತ್ತು. ಭಾರತೀಯರು ಏನು ಉಡುತ್ತಾರೆಂಬುದನ್ನು ಬ್ರಿಟನ್ನಿನ ಗಿರಣಿಗಳಿಗೆ ತಿಳಿಸಿ, ಅವುಗಳ ಮಾಲಿಗೆ ಇಲ್ಲಿ ಮಾರುಕಟ್ಟೆ ಒದಗಿಸುವುದು ಇದರ ಉದ್ದೇಶ. ಕತ್ತರಿಸಿದ ಚೂರಿನಲ್ಲಿ ನೂಲಿನ ಸಣ್ಣತನ, ಹಾಸುಹೊಕ್ಕುಗಳ ದಟ್ಟಣೆ, ಅಂಚಿನ ಕಟ್ಟು ಎಲ್ಲವೂ ಕಾಣುತ್ತವೆ. ಬಲ್ಲವರು ಎಳೆ ಎಣಿಸಿ ಅದನ್ನೇ ನೇಯಬಹುದು. ಊರುಗಳ ಹೆಸರಿದ್ದ ಆ ಸಂಪುಟಗಳಲ್ಲಿ ನೇಯ್ದವರ ಹೆಸರಿಗೆ ಜಾಗವಿರಲಿಲ್ಲ. ನಮೂನೆಯನ್ನು ಕೊಡುವವರೂ ಅದರ ಬೆಲೆ ಅರಿತಿರಬೇಕು ಎಂಬುದನ್ನು ಈ ಸಂಪುಟಗಳು ನೆನಪಿಸುತ್ತವೆ. ಇಂದಿಗೂ ಹೊಸ ವಿನ್ಯಾಸದ ಚೂರನ್ನು ಕೈಬಿಡುವ ಮುನ್ನ ನೇಕಾರರು ಹಿಂದುಮುಂದು ನೋಡಿದರೆ ಅದರಲ್ಲಿ ತಪ್ಪೇನಿಲ್ಲ. ಕೊಳ್ಳುವವರು ನಮೂನೆಗೆ ತಕ್ಕ ಹಣ ಕೊಡುವುದು ನ್ಯಾಯ.

ಕಾನೂನಿನ ಕಣ್ಣಿನಲ್ಲಿ

ನಮೂನೆ ತೋರಿಸಿ ಮಾರಿದ ಬಟ್ಟೆಯ ಬಗ್ಗೆ 1887ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆ ಒಂದು ಮಹತ್ವದ ತೀರ್ಪು ನೀಡಿತು. ಡ್ರಮಂಡ್–ವಾನ್ ಇಂಗೆನ್ ಪ್ರಕರಣವೆಂದು ಅದು ಹೆಸರಾಗಿದೆ. ಕೋಟಿಗೆಂದು ತರಿಸಿದ ಉಣ್ಣೆ ಬಟ್ಟೆ ನಮೂನೆಯಂತೆಯೇ ಇತ್ತು. ಆದರೆ ಎಳೆಗಳು ಜಾರುವ ಗುಣದಿಂದಾಗಿ ಕೋಟು ಹೊಲಿಯಲು ಬಾರದಾಗಿತ್ತು. ಅದೇ ದೋಷ ನಮೂನೆಯಲ್ಲೂ ಇತ್ತು, ಸಾಮಾನ್ಯ ಪರೀಕ್ಷೆಗೆ ಕಂಡಿರಲಿಲ್ಲ. ಹಾಗೆ ಅಡಗಿದ್ದ ದೋಷಕ್ಕೆ ಮಾರಿದವರೇ ಹೊಣೆ ಎಂದು ತೀರ್ಮಾನವಾಯಿತು.

ಭಾರತದ 1930ರ ಸರಕು ಮಾರಾಟ ಕಾಯಿದೆಯ 17ನೆಯ ಕಲಮಿನಲ್ಲಿ ಈ ತತ್ವವಿದೆ. ನಮೂನೆಯ ಮೇಲೆ ನಡೆದ ಮಾರಾಟದಲ್ಲಿ ಒಟ್ಟು ಸರಕು ಗುಣದಲ್ಲಿ ನಮೂನೆಗೆ ಸರಿಹೊಂದಬೇಕು. ಎರಡನ್ನೂ ಹೋಲಿಸಿ ನೋಡಲು ಕೊಳ್ಳುವವರಿಗೆ ಅವಕಾಶವಿರಬೇಕು. ಸಾಮಾನ್ಯ ಪರೀಕ್ಷೆಗೆ ಕಾಣದ, ಸರಕನ್ನು ವ್ಯಾಪಾರಕ್ಕೆ ಅಯೋಗ್ಯಗೊಳಿಸುವ ದೋಷ ಇರಬಾರದು. ‘ಶುದ್ಧ ರೇಷ್ಮೆ’ ಎಂಬ ವರ್ಣನೆಯೂ ಜೊತೆಗಿದ್ದರೆ ಆ ಮಾತಿಗೂ ಸರಕು ಹೊಂದಬೇಕು ಎನ್ನುತ್ತದೆ 15ನೆಯ ಕಲಮು. ಆದರೆ ಮಾರಾಟ ನಡೆದದ್ದು ನಮೂನೆಯ ಮೇಲೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ನಮೂನೆಯನ್ನು ಎರಡಾಗಿ ಕತ್ತರಿಸಿ, ಎರಡಕ್ಕೂ ಇಬ್ಬರೂ ಸಹಿ ಮಾಡಿ, ಒಂದೊಂದನ್ನು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾಖಲೆ.

ಮನೆಯಲ್ಲೇ ಪರೀಕ್ಷೆ

ಚೂರನ್ನು ಬರಿದೆ ನೋಡಿ ಮುಟ್ಟಿ ಇಟ್ಟುಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಅದರ ಮೇಲೆ ಹತ್ತು ಸೆಂಟಿಮೀಟರಿನ ಚೌಕವೊಂದನ್ನು ಗುರುತು ಮಾಡಿ, ಒಗೆದು, ಒಣಗಿಸಿ ಅಳೆಯಬೇಕು. ಒಂಬತ್ತೂವರೆಗೆ ಇಳಿದಿದ್ದರೆ ಆ ಬಟ್ಟೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಐದು ಮೀಟರು ಕೊಂಡವರಿಗೆ ಕಾಲು ಮೀಟರು ನಷ್ಟ. ಗಂಜಿಯ ಬಣ್ಣವೂ ಆಗಲೇ ಬಯಲಾಗುತ್ತದೆ: ಅಂಗಡಿಯಲ್ಲಿ ಬಿಗಿಯಾಗಿ, ಗಟ್ಟಿಯಾಗಿ ಕಂಡ ಬಟ್ಟೆ ಒಂದೇ ಒಗೆತಕ್ಕೆ ಬಲೆಯಂತಾಗಬಹುದು.

ಒದ್ದೆ ಮಾಡಿದ ಬಿಳಿಯ ಬಟ್ಟೆಯಿಂದ ಚೂರನ್ನು ಉಜ್ಜಿದರೆ ಬಣ್ಣ ಬಿಡುವುದೇ ಎಂಬುದು ತಿಳಿಯುತ್ತದೆ. ನಾಲ್ಕೆಳೆ ನೂಲು ತೆಗೆದು ಎಚ್ಚರಿಕೆಯಿಂದ ಸುಟ್ಟರೆ ಹತ್ತಿ ಕಾಗದ ಸುಟ್ಟ ವಾಸನೆ ಬೀರುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ತೂಕ ತಿಳಿಯುವುದೂ ಕಷ್ಟವಲ್ಲ. ಹತ್ತು ಸೆಂಟಿಮೀಟರಿನ ಚೌಕ ಒಂದು ಚದರ ಮೀಟರಿನ ನೂರನೆಯ ಒಂದು ಭಾಗ. ಅದು ಒಂದೂಕಾಲು ಗ್ರಾಂ ತೂಗಿದರೆ ಆ ಬಟ್ಟೆ ಚದರ ಮೀಟರಿಗೆ 125 ಗ್ರಾಂ ಎಂದಾಯಿತು.

ಅಂಗೈಯಗಲದ ಚೂರು ಹೇಳಲಾರದ ಸಂಗತಿಗಳೂ ಇವೆ. ಬಟ್ಟೆ ಮೈಮೇಲೆ ಹೇಗೆ ಇಳಿಬೀಳುತ್ತದೆ, ದೊಡ್ಡ ಹೂವಿನ ಅಚ್ಚು ಮತ್ತೆ ಮತ್ತೆ ಬಂದಾಗ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಮೀಟರಾದರೂ ಬೇಕು. ಹಣ ಹೆಚ್ಚಿದಂತೆ ನಮೂನೆಯ ಅಳತೆಯೂ ಹೆಚ್ಚಬೇಕು.

ಒಂದಗುಳಿನ ಮಾತು ನಿಜವಾಗುವುದಕ್ಕೂ ಒಂದು ಷರತ್ತಿದೆ: ಅಗುಳು ಅದೇ ಪಾತ್ರೆಯದಾಗಿರಬೇಕು. ಬಣ್ಣದ ತೊಟ್ಟಿಯನ್ನು ಪ್ರತಿ ಸಲ ಕಲಸಿದಾಗಲೂ ಛಾಯೆ ತುಸು ಬದಲಾಗುತ್ತದೆ. ಕೈಮಗ್ಗದ, ಸಹಜ ಬಣ್ಣದ ಬಟ್ಟೆಯಲ್ಲಂತೂ ಅದು ಇನ್ನೂ ಹೆಚ್ಚು. ಆದ್ದರಿಂದ ಎಷ್ಟು ವ್ಯತ್ಯಾಸ ಒಪ್ಪಿತ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು, ಒಂದು ಕೆಲಸಕ್ಕೆ ಬೇಕಾದಷ್ಟನ್ನು ಒಂದೇ ಸಲ ಕೊಳ್ಳಬೇಕು. ಇಲ್ಲವಾದರೆ ತಿರಸ್ಕೃತವಾದ ಥಾನುಗಳ ಭಾರ ಕೊನೆಗೆ ಬೀಳುವುದು ನೂಲಿಗೆ ಸಾಲ ಮಾಡಿದ ನೇಕಾರನ ಮೇಲೆ, ಬಾಡಿಗೆ ಶೆಡ್ಡಿನಲ್ಲಿ ಅಚ್ಚು ಹಾಕುವವನ ಮೇಲೆ. ವಾರದ ಮೊದಲೇ ತರಿಸಿ, ಒಗೆದು, ಬಿಸಿಲಿಗೆ ಹಿಡಿದು, ಸಹಿ ಮಾಡಿಟ್ಟ ಒಂದು ಚೂರು ಆ ನಷ್ಟವನ್ನು ತಪ್ಪಿಸಬಲ್ಲದು.