ಮೊದಲು ಏನು ಮಾಡ್ತೀರಿ, ಸಿಸ್ಟರ್?

ಇವತ್ತು ನಿಮಗೊಂದು ಪ್ರಶ್ನೆ.

24 ವರ್ಷದ ಹುಡುಗ. ಹುಟ್ಟಿನಿಂದಲೇ ಸಿಕಲ್ ಸೆಲ್ ಕಾಯಿಲೆ. ಸೊಂಟ, ಕಾಲು ಕಿತ್ತು ಬರುವಷ್ಟು ನೋವು ಅಂತ ಆಸ್ಪತ್ರೆಗೆ ಬಂದಿದ್ದಾನೆ. ಹತ್ತಕ್ಕೆ ಎಷ್ಟು ನೋವಪ್ಪಾ ಅಂದ್ರೆ ಒಂಬತ್ತು ಅಂತಾನೆ. ಆದರೆ ಕೈಯಲ್ಲಿ ಮೊಬೈಲ್ ಇದೆ, ಸುಮ್ಮನೆ ನೋಡ್ತಿದ್ದಾನೆ. ರಕ್ತದಲ್ಲಿ ಆಕ್ಸಿಜನ್ ಮಟ್ಟ ಶೇ. 97. ಜ್ವರ ಇಲ್ಲ. ಡಾಕ್ಟರ್ ಔಷಧ ಬರೆದುಕೊಟ್ಟಿದ್ದಾರೆ. ನರ್ಸ್ ಮೊದಲು ಏನು ಮಾಡಬೇಕು? ಆಕ್ಸಿಜನ್ ಮಾಸ್ಕ್ ಹಾಕಬೇಕಾ? ನೋವಿನ ಇಂಜೆಕ್ಷನ್ ಕೊಡಬೇಕಾ? ನೋವಿನ ಜಾಗಕ್ಕೆ ಐಸ್ ಇಡಬೇಕಾ? ಅಥವಾ ‘ಮೊಬೈಲ್ ನೋಡೋನಿಗೆ ಎಂಥಾ ನೋವು’ ಅಂತ ಸ್ವಲ್ಪ ಹೊತ್ತು ಕಾಯಬೇಕಾ?

ಪ್ರಶ್ನೆ ನಾನು ಹೆಣೆದದ್ದು. ಆದರೆ ಈ ಜಾತಿಯ ಪ್ರಶ್ನೆಗಳು ಬರುವುದು ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ. ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ ಈ ಪರೀಕ್ಷೆ ಪಾಸಾಗಬೇಕು. ಬೆಂಗಳೂರಲ್ಲೂ ಇದರ ಕೇಂದ್ರ ಇದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಇಲ್ಲೇ ಕೂತು ಬರೀತಾರೆ. ಗರಿಷ್ಠ ಐದು ಗಂಟೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ನೀವು ಕೊಡುವ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತೆ. 2023ರ ಏಪ್ರಿಲ್‌ನಿಂದ ಒಬ್ಬ ರೋಗಿಯ ಇಡೀ ಕಥೆ ಕೊಟ್ಟು, ಹಂತ ಹಂತವಾಗಿ ಪ್ರಶ್ನೆ ಕೇಳುವ ಪದ್ಧತಿಯೂ ಬಂದಿದೆ.

ಸರಿ, ಉತ್ತರಕ್ಕೆ ಬರೋಣ. ಅದಕ್ಕೆ ಮೊದಲು ಕಾಯಿಲೆ ಅರ್ಥವಾಗಬೇಕು. ನಮ್ಮ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತೆ. ಎಂಥಾ ಸಣ್ಣ ನಾಳದಲ್ಲೂ ಬಾಗಿ ಬಳುಕಿ ದಾಟಿಹೋಗುತ್ತೆ. ಈ ಕಾಯಿಲೆಯಲ್ಲಿ ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಕಣ ಗಟ್ಟಿಯಾಗಿ ಕುಡುಗೋಲಿನ ಆಕಾರಕ್ಕೆ ತಿರುಗುತ್ತೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಕುಡುಗೋಲು ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ನಿಲ್ಲುತ್ತೆ. ಆ ಭಾಗಕ್ಕೆ ಆಕ್ಸಿಜನ್ ಸಿಗಲ್ಲ. ಆಕ್ಸಿಜನ್ ಇಲ್ಲದಿದ್ದರೆ ಇನ್ನಷ್ಟು ಕಣಗಳು ಕುಡುಗೋಲಾಗುತ್ತವೆ. ನಾನು ಓದಿದ್ದು ಇಂಜಿನಿಯರಿಂಗ್. ನಮ್ಮಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಲೂಪ್ ಅಂತೀವಿ. ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುಳಿ ಅದು. ಎಲ್ಲಿ ಕತ್ತರಿಸಬೇಕು ಅನ್ನೋದೇ ಪ್ರಶ್ನೆ.

ಕೋಚಿಂಗ್‌ನಲ್ಲಿ ಮೂರು ಮಾತು ಬಾಯಿಪಾಠ ಮಾಡಿಸ್ತಾರೆ: ನೀರಿನಂಶ, ಆಕ್ಸಿಜನ್, ನೋವು ಶಮನ. ಮೂರೂ ಸರಿಯೇ. ಆದರೆ ಈ ಪಟ್ಟಿಯ ಕ್ರಮವನ್ನೇ ಎಲ್ಲ ರೋಗಿಗಳಿಗೂ ಅಂಟಿಸಿದರೆ ಎಡವಟ್ಟು. ಕ್ರಮ ಹೇಳೋದು ಎದುರಿಗಿರುವ ರೋಗಿ.

ನಮ್ಮ ಹುಡುಗನಿಗೆ ಆಕ್ಸಿಜನ್ ಶೇ. 97 ಇದೆ. ಮಾಸ್ಕ್ ಹಾಕಿದರೆ ಹೆಚ್ಚಿನ ಲಾಭವಿಲ್ಲ. ಐಸ್ ಇಡಲೇಬಾರದು. ಚಳಿಗೆ ನಾಳ ಇನ್ನೂ ಕುಗ್ಗುತ್ತೆ, ಬೇಕಿದ್ದರೆ ಬಿಸಿ ಶಾಖ ಕೊಡಬಹುದು. ಅವನಿಗೆ ಮೊದಲು ಬೇಕಾದ್ದು ಡಾಕ್ಟರ್ ಬರೆದ ನೋವಿನ ಔಷಧ, ಜೊತೆಗೆ ದೇಹದ ನೀರಿನಂಶ ಕಾಯುವುದು. ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟ: ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ನೋವಿನ ಔಷಧ ಸಿಗಬೇಕು, ಆಮೇಲೆ ಪ್ರತಿ 30ರಿಂದ 60 ನಿಮಿಷಕ್ಕೊಮ್ಮೆ ನೋವು ಎಷ್ಟಿದೆ ಅಂತ ಮತ್ತೆ ಕೇಳಬೇಕು.

ಈಗ ಪ್ರಶ್ನೆಯಲ್ಲಿ ಒಂದೇ ಒಂದು ಸಾಲು ಬದಲಿಸಿ. ಅದೇ ಹುಡುಗ. ಆದರೆ ಎದೆನೋವು, ಕೆಮ್ಮು, ಜ್ವರ, ಆಕ್ಸಿಜನ್ ಶೇ. 88. ಉತ್ತರ ತಲೆಕೆಳಗಾಯ್ತು! ಇದು ಶ್ವಾಸಕೋಶಕ್ಕೇ ಬಂದ ಗಂಡಾಂತರದ ಸೂಚನೆ. ಈ ರೋಗಿಗಳ ಪ್ರಾಣ ತೆಗೆಯುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮೊದಲು ಆಕ್ಸಿಜನ್, ಕೂಡಲೇ ಡಾಕ್ಟರ್‌ಗೆ ಕರೆ. ಮಾತು ತೊದಲಿ ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು. ಪುಟ್ಟ ಮಗು ದಿಢೀರ್ ಬಿಳಿಚಿಕೊಂಡು ಹೊಟ್ಟೆ ಉಬ್ಬಿದರೆ, ಗುಲ್ಮದಲ್ಲಿ ರಕ್ತ ತುಂಬಿಕೊಳ್ಳುತ್ತಿರಬಹುದು. ಇಲ್ಲೆಲ್ಲ ಒಂದು ನಿಮಿಷವೂ ಕಾಯುವಂತಿಲ್ಲ.

ಹಾಗಾದರೆ ಆ ಮೊಬೈಲ್ ವಿಚಾರ? ಅದೇ ನೋಡಿ ಈ ಪ್ರಶ್ನೆಯ ಗುಂಡಿ. ಹುಟ್ಟಿನಿಂದ ನೋವು ತಿಂದವನು ಪ್ರತಿ ಸಲ ಚೀರಲ್ಲ. ಮನಸ್ಸನ್ನು ಬೇರೆಡೆಗೆ ತಿರುಗಿಸೋದು ಕಲಿತಿರ್ತಾನೆ. ನಾಡಿ, ಬಿಪಿ ಸರಿ ಇದ್ದ ಮಾತ್ರಕ್ಕೆ ನೋವು ಸುಳ್ಳಲ್ಲ. ಅಮೆರಿಕದಲ್ಲಿ ಈ ರೋಗಿಗಳಲ್ಲಿ ಬಹುಪಾಲು ಕಪ್ಪು ವರ್ಣೀಯರು. ‘ಮಾರ್ಫಿನ್ ಚಟಕ್ಕೆ ನಾಟಕ ಆಡ್ತಾರೆ’ ಅನ್ನೋ ಅನುಮಾನಕ್ಕೆ ಗುರಿಯಾಗಿ, ಗಂಟೆಗಟ್ಟಲೆ ಕಾದವರು ಎಷ್ಟೋ ಜನ. ರೋಗಿ ಒಂಬತ್ತು ಅಂದರೆ ಒಂಬತ್ತು. ನಂಬಿಕೆಯಿಂದಲೇ ಚಿಕಿತ್ಸೆ ಶುರು.

ಇದೇನು ಪರದೇಶದ ಕಥೆ ಅಂದ್ಕೋಬೇಡಿ. 1952ರಲ್ಲೇ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಕಣ ಪತ್ತೆಯಾಗಿತ್ತು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಈ ಕಾಯಿಲೆ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಅಭಿಯಾನ, 2047ರೊಳಗೆ ಇದನ್ನು ತೊಲಗಿಸುವ ಗುರಿ ಇಟ್ಟಿದೆ. ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡೋದು ಒಳ್ಳೆಯದೇ. ಆದರೆ ಮಧ್ಯರಾತ್ರಿ ನೋವು ಕೆರಳಿ ಹಾಡಿಯ ಹುಡುಗಿಯೊಬ್ಬಳು ತಾಲ್ಲೂಕು ಆಸ್ಪತ್ರೆಗೆ ಬಂದಾಗ, ಎದುರಿಗೆ ಇರೋದು ಡ್ಯೂಟಿ ನರ್ಸ್.

ಡಾಲರ್ ಸಂಬಳಕ್ಕಾಗಿ ನಮ್ಮ ಮಕ್ಕಳು ಕಲಿಯುವ ಈ ಪಾಠ ಇಲ್ಲಿನ ಪ್ರತಿ ವಾರ್ಡ್‌ಗೂ ಬೇಕು. ಉಸಿರು ನೋಡಿ. ಉಸಿರು ಸರಿ ಇದ್ದರೆ ನೋವನ್ನು ನಂಬಿ, ಔಷಧ ತಡಮಾಡಬೇಡಿ. ಆಮೇಲೆ ಮತ್ತೆ ಬಂದು ಕೇಳಿ: ಈಗ ಹೇಗಿದೆಯಮ್ಮಾ?