ಪಾಕವಿಧಿಯ ಸ್ವಾಮ್ಯವಿಚಾರ

ಕ್ರಿ. ಶ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಅಡುಗೆಯ ವಿಧಾನಗಳನ್ನು ಷಟ್ಪದಿಗಳಲ್ಲಿ ನಿರೂಪಿಸಿದ್ದಾನೆ. ಅಲ್ಲಿ ಹೇಳಿರುವ ಭಕ್ಷ್ಯಭೋಜ್ಯಗಳನ್ನೆಲ್ಲ ಈ ಕವಿಯೇ ಕಂಡುಹಿಡಿದನೆಂದು ಯಾರೂ ವಾದಿಸಲಾರರು. ಆ ಷಟ್ಪದಿಗಳು ಅವನವಲ್ಲವೆಂದು ಹೇಳುವವರೂ ಇಲ್ಲ. ಪಾಕವು ನಾಡಿಗೆ ಸೇರಿದುದು, ಪದ್ಯವು ಕವಿಗೆ ಸೇರಿದುದು. ಇಷ್ಟು ಸ್ಪಷ್ಟವಾದ ಈ ಭೇದವು ವ್ಯವಹಾರದಲ್ಲಿ ಮಾತ್ರ ಮೇಲಿಂದ ಮೇಲೆ ಮರೆತುಹೋಗುತ್ತಲಿದೆ. ಒಬ್ಬರ ಪಾಕಪುಸ್ತಕದಿಂದ ಒಂದು ವಿಧಿಯನ್ನು ಮತ್ತೊಬ್ಬರು ಅಕ್ಷರಶಃ ಎತ್ತಿಕೊಂಡು ಚಿತ್ರದೊಡನೆ ಅಂತರ್ಜಾಲದಲ್ಲಿ ಪ್ರಕಟಿಸುವುದೂ, ಅದು ಕೈಯಿಂದ ಕೈಗೆ ಸಾಗುತ್ತ ಮೂಲಲೇಖಕಿಯ ಹೆಸರನ್ನು ಕಳೆದುಕೊಳ್ಳುವುದೂ ಈಗ ಸಾಮಾನ್ಯವಾಗಿದೆ. ಆಕ್ಷೇಪಿಸಿದರೆ, ಹುಳಿಯನ್ನಕ್ಕೆ ಒಡೆಯರುಂಟೇ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇತ್ತ ಅದೇ ಹುಳಿಯನ್ನವನ್ನು ಬೇರೊಬ್ಬರು ತಮ್ಮ ಮಾತಿನಲ್ಲಿ ಬರೆದರೂ ಕಳವಾಯಿತೆಂದು ದೂರುವವರುಂಟು. ಇವೆರಡು ಪಕ್ಷಗಳೂ ಅರ್ಧಸತ್ಯವನ್ನು ಹಿಡಿದು ನಿಂತಿವೆ.

ಮೊದಲು ಕಾಯಿದೆಯ ಮಾತು. 1957ನೆಯ ಇಸವಿಯ ಭಾರತೀಯ ಗ್ರಂಥಸ್ವಾಮ್ಯದ ಕಾಯಿದೆಯು ರಕ್ಷಿಸುವುದು ಸ್ವತಂತ್ರವಾದ ಸಾಹಿತ್ಯಕೃತಿಯನ್ನು, ಎಂದರೆ ಶಬ್ದರಚನೆಯನ್ನು. ಅದರೊಳಗಿನ ಭಾವನೆಯನ್ನಾಗಲಿ ಕ್ರಮವಿಧಾನವನ್ನಾಗಲಿ ಅಲ್ಲ. ನಾಟಕವೊಂದಕ್ಕೂ ಚಲನಚಿತ್ರವೊಂದಕ್ಕೂ ಸಂಬಂಧಿಸಿದ ವ್ಯಾಜ್ಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸಿದೆ. ಪಾಕವಿಧಿಯ ಪ್ರಶ್ನೆಯೇ ನೇರವಾಗಿ ಬಂದ ತೀರ್ಪೊಂದು ಅಮೆರಿಕದಲ್ಲಿ 1996ರಲ್ಲಿ ಹೊರಟಿತು. ಮೊಸರಿನಿಂದ ಮಾಡುವ ತಿನಿಸುಗಳ ಪುಸ್ತಕವೊಂದರ ವಿಧಿಗಳನ್ನು ಮತ್ತೊಬ್ಬ ಪ್ರಕಾಶಕನು ಬಳಸಿಕೊಂಡನೆಂಬುದು ಅಲ್ಲಿಯ ದೂರು. ಪದಾರ್ಥಗಳ ಪಟ್ಟಿಗೂ ಬೇಯಿಸುವ ಕ್ರಮದ ಬರಿಯ ನಿರ್ದೇಶಕ್ಕೂ ಸ್ವಾಮ್ಯವಿಲ್ಲವೆಂದು ನ್ಯಾಯಾಧಿಪತಿಗಳು ನಿರ್ಣಯಿಸಿದರು. ವರ್ಣನೆ, ಸ್ಮರಣೆ, ಸಲಹೆ ಮೊದಲಾದುವುಗಳಿಂದ ಲೇಖಕನು ತನ್ನ ಮಾತನ್ನು ಬೆರೆಸಿ ಬರೆದ ವಿಧಿಗೆ ಸ್ವಾಮ್ಯವುಂಟಾಗಬಹುದೆಂಬ ಅವಕಾಶವನ್ನು ಮಾತ್ರ ಉಳಿಸಿದರು. ಎರಡು ಪಾವು ಅಕ್ಕಿಗೆ ಒಂದು ಪಾವು ತೊಗರಿಬೇಳೆಯೆಂಬ ವಾಕ್ಯವು ಯಾರ ಸೊತ್ತೂ ಅಲ್ಲ. ಹುಣಿಸೆಯ ರಸವನ್ನು ಮೊದಲೇ ಹೊಯ್ದರೆ ಬೇಳೆ ಏಕೆ ಬೇಯದೆ ನಿಲ್ಲುವುದೆಂದು ಒಬ್ಬಾಕೆಯು ತನ್ನ ಅನುಭವದಿಂದ ಬರೆದ ಅರ್ಧ ಪುಟದ ವಾಕ್ಯರಚನೆಯು ಆಕೆಯ ಸೊತ್ತು.

ನಮ್ಮ ಅಲಂಕಾರಿಕರು ಈ ಭೇದವನ್ನು ಕಾಯಿದೆಗಿಂತ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣವೆಂದೂ ಅರ್ಥಹರಣವೆಂದೂ ವಿಷಯವನ್ನು ಎರಡಾಗಿ ಒಡೆದು, ಶಬ್ದಹರಣವನ್ನು ಪದ, ಪಾದ, ಶ್ಲೋಕಾರ್ಧ, ವೃತ್ತ, ಪ್ರಬಂಧ ಎಂಬ ಪ್ರಮಾಣಗಳಿಂದ ಅಳೆಯುತ್ತಾನೆ. ಅವನಿಗೂ ಹಿಂದೆ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತಿಗೆ ಹೋಲುವ ಬಗೆಗಳು ಮೂರೆಂದನು. ಕನ್ನಡಿಯಲ್ಲಿಯ ಪ್ರತಿಬಿಂಬದಂತಿರುವುದು, ಚಿತ್ರದಲ್ಲಿ ಬರೆದ ಆಕೃತಿಯಂತಿರುವುದು, ಇಬ್ಬರು ದೇಹಿಗಳು ಒಬ್ಬರನ್ನೊಬ್ಬರು ಹೋಲುವಂತಿರುವುದು. ಮೊದಲಿನ ಎರಡನ್ನು ಬಿಡತಕ್ಕದ್ದು, ಮೂರನೆಯದರಲ್ಲಿ ದೋಷವಿಲ್ಲವೆಂದು ಅವನ ಮತ. ಏಕೆಂದರೆ ಅಲ್ಲಿ ಆತ್ಮವು ಬೇರೆಯಾಗಿರುತ್ತದೆ. ಪಾಕಗ್ರಂಥಗಳಿಗೆ ಇದನ್ನು ಅನ್ವಯಿಸಿದರೆ ಆಶ್ಚರ್ಯವಾಗುವಷ್ಟು ಸರಿಹೊಂದುತ್ತದೆ. ಪುಟವನ್ನೇ ನಕಲು ಮಾಡುವುದು ಪ್ರತಿಬಿಂಬ. “ಸಣ್ಣಗೆ ಹೆಚ್ಚಿ” ಎಂದಿದ್ದುದನ್ನು “ಚಿಕ್ಕದಾಗಿ ಕತ್ತರಿಸಿ” ಎಂದು ತಿದ್ದಿ, ವಾಕ್ಯಗಳ ಆನುಪೂರ್ವಿಯನ್ನು ಹಾಗೆಯೇ ಇಟ್ಟುಕೊಳ್ಳುವುದು ಆಲೇಖ್ಯ. ಇದು ಈಗ ಬಹಳ ಪ್ರಚಾರದಲ್ಲಿರುವ ಬಗೆ. ಪುಸ್ತಕವನ್ನು ಓದಿ, ಅದನ್ನು ಮುಚ್ಚಿಟ್ಟು, ಒಲೆಯ ಮುಂದೆ ನಿಂತು ಮಾಡಿ ನೋಡಿ, ತನಗೆ ಕಂಡುದನ್ನು ತನ್ನ ಮಾತಿನಲ್ಲಿ ಬರೆದರೆ ಅದು ಎರಡನೆಯ ದೇಹ, ತನ್ನದೇ ಆತ್ಮವುಳ್ಳದ್ದು.

ಆದರೆ ತುಲ್ಯದೇಹಿಗೂ ಒಂದು ಋಣವುಂಟು. ಅದನ್ನು ಕಾಯಿದೆಯು ವಸೂಲು ಮಾಡಲಾರದು. ವಿಧಾನಕ್ಕೆ ಸ್ವಾಮ್ಯವಿಲ್ಲವೆಂದ ಮೇಲೆ, ಯಾರಿಂದ ಕಲಿತೆನೆಂದು ಹೇಳುವ ಹೊಣೆಯೆಲ್ಲ ಸೌಜನ್ಯದ ಮೇಲೆಯೇ ಬೀಳುತ್ತದೆ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ವಿಚಿತ್ರವಾಗಿ ನಡೆದುಕೊಂಡರು. ‘ಪಾಕದರ್ಪಣ’ವು ನಳಮಹಾರಾಜನ ಹೆಸರಿನಲ್ಲಿ ಪ್ರಚಲಿತವಾಗಿದೆ. ಪರರ ಪಾಕವನ್ನು ತನ್ನದೆನ್ನುವುದು ಇಂದಿನ ರೋಗವಾದರೆ, ಪಾಕವನ್ನು ಪುರಾಣಪುರುಷನಿಗೆ ಅರ್ಪಿಸುವುದು ಅಂದಿನ ಪದ್ಧತಿ. ಚಾವುಂಡರಾಯನ ‘ಲೋಕೋಪಕಾರ’ದ ಸೂಪಶಾಸ್ತ್ರಭಾಗ, ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗಪ್ರಕರಣ, ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ದ ಪಾಕಪ್ರಕರಣ ಇವೆಲ್ಲವೂ ಸಂಗ್ರಹಕಾರ್ಯಗಳು. ರಾಜರ ಹೆಸರು, ಕವಿಗಳ ಹೆಸರು ಉಳಿದುವು. ಕಡಾಯಿಯ ಮುಂದೆ ಬೆವರಿದ ಬಾಣಸಿಗರ ಹೆಸರು ಉಳಿಯಲಿಲ್ಲ.

ಇಂದೂ ಹೆಸರಿಲ್ಲದೆ ಹೋಗುತ್ತಿರುವವರು ಬಹುಮಟ್ಟಿಗೆ ಹೆಂಗಸರು. ಬರೆಯದೆ, ಅಳೆಯದೆ, ಕೈಯಂದಾಜಿನಿಂದ ಐವತ್ತು ವರ್ಷ ಹುಳಿಪುಡಿ ಹುರಿದ ಅಜ್ಜಿಗೆ ಕಾಯಿದೆಯು ಯಾವ ಸ್ವಾಮ್ಯವನ್ನೂ ಕೊಡದು. ಅದನ್ನು ಕೇಳಿ ಬರೆದುಕೊಂಡವರಿಗೆ ಬರೆವಣಿಗೆಯ ಸ್ವಾಮ್ಯವನ್ನು ಕೊಡುತ್ತದೆ. ಇದು ಕಾಯಿದೆಯ ದೃಷ್ಟಿಯಿಂದ ಸರಿ, ಧರ್ಮದ ದೃಷ್ಟಿಯಿಂದ ಅಪೂರ್ಣ. ಪೂರ್ವಕವಿಗಳನ್ನು ಸ್ಮರಿಸದೆ ಕಾವ್ಯವನ್ನು ಆರಂಭಿಸಲು ನಮ್ಮ ಪ್ರಾಚೀನರಲ್ಲಿ ಅನೇಕರು ಹಿಂಜರಿದರು. ಪಾಕವಿಧಿಯ ತಲೆಯಲ್ಲಿ, ಇಂಥ ಊರಿನ ಇಂಥವರಿಂದ ತಿಳಿದುದೆಂದು ಒಂದು ಪಂಕ್ತಿ ಬರೆಯುವುದಕ್ಕೆ ಅದಕ್ಕಿಂತ ಹೆಚ್ಚಿನ ಶ್ರಮವೇನೂ ಬೇಡ. ಆ ಹೆಂಗಸು ತನ್ನ ಹೆಸರು ಬೇಡವೆಂದರೆ ಊರಿನ ಹೆಸರಾದರೂ ಸಾಕು. ಮನೆಯೊಳಗಿರಲೆಂದು ನಂಬಿ ಹೇಳಿಕೊಟ್ಟ ಗುಟ್ಟನ್ನಾದರೋ ಕೇಳದೆ ಹೊರಗೆಡಹಬಾರದು.

ಹೆಸರು ಹೇಳುವುದರಲ್ಲಿಯೂ ಒಂದು ಪ್ರಮಾದವುಂಟು. ಬೆಲ್ಲಕ್ಕೆ ಸಕ್ಕರೆಯನ್ನೂ ತುಪ್ಪಕ್ಕೆ ಎಣ್ಣೆಯನ್ನೂ ಬದಲಿಸಿ, ಇದು ಇಂಥವರ ಹೋಳಿಗೆಯೆಂದು ಬರೆದರೆ, ಕೆಟ್ಟ ಹೋಳಿಗೆಯ ಅಪಕೀರ್ತಿ ಅವರಿಗೆ ತಗಲುತ್ತದೆ. ಗ್ರಂಥಸಂಪಾದನೆಯಲ್ಲಿ ತನ್ನ ಊಹಾಪಾಠವನ್ನು ಮೂಲದೊಳಗೆ ಸೇರಿಸಿ ಕವಿಯ ಮೇಲೆ ಹೊರಿಸುವುದಕ್ಕೂ ಇದಕ್ಕೂ ಭೇದವಿಲ್ಲ. ಪಾಠಾಂತರವನ್ನು ಪಾಠಾಂತರವೆಂದೇ ತೋರಿಸಬೇಕು. ಬರೆವಣಿಗೆಯ ವಿಷಯದಲ್ಲಿ ಕಾಯಿದೆಯ 57ನೆಯ ವಿಧಿಯೂ ಇದಕ್ಕೆ ಅನುಕೂಲವಾಗಿದೆ: ಸ್ವಾಮ್ಯವನ್ನು ಪರರಿಗೆ ಮಾರಿದ ಬಳಿಕವೂ ಕರ್ತೃವು ಕೃತಿ ತನ್ನದೆಂದು ಹೇಳಿಕೊಳ್ಳಬಹುದು, ಕೀರ್ತಿಗೆ ಕುಂದು ತರುವಂತೆ ಅದನ್ನು ವಿಕಾರಗೊಳಿಸಿದರೆ ತಡೆಯಬಹುದು.

ಉಳಿದ ಸಂಗತಿಗಳು ಸುಲಭ. ಸ್ವಂತ ಉಪಯೋಗಕ್ಕೆ ಒಂದು ವಿಧಿಯನ್ನು ಬರೆದುಕೊಳ್ಳುವುದಕ್ಕೂ, ವಿಮರ್ಶೆಗಾಗಿ ಮಿತವಾಗಿ ಉದ್ಧರಿಸುವುದಕ್ಕೂ 52ನೆಯ ವಿಧಿಯಲ್ಲಿ ಎಡೆಯುಂಟು. ಇಡೀ ಪುಸ್ತಕದ ಪುಟಗಳ ಪ್ರತಿಯೆತ್ತಿ ಹಂಚುವುದಕ್ಕಿಲ್ಲ. ಚಿತ್ರವು ಬೇರೆಯೇ ಒಂದು ಕೃತಿ. ವಿಧಿಯನ್ನು ಸ್ವಂತ ಮಾತಿನಲ್ಲಿ ಬರೆದವರೂ ಅದಕ್ಕೆ ಅನುಮತಿ ಪಡೆಯಲೇಬೇಕು. ಕರ್ತೃವಿನ ಜೀವಿತಕಾಲವೂ ಅನಂತರದ 60 ವರ್ಷಗಳೂ ಕಳೆದ ಮೇಲೆ ಸಾಹಿತ್ಯಕೃತಿಯು ಸರ್ವರದಾಗುತ್ತದೆ. 1992ರ ತಿದ್ದುಪಡಿಗೆ ಮುಂಚೆ ಈ ಅವಧಿ 50 ವರ್ಷಗಳಷ್ಟಿತ್ತು. ಮಂಗರಸನ ಷಟ್ಪದಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದೆಂಬುದು ಇದರಿಂದ ಸಿದ್ಧ. ಆದರೆ ಇಂದಿನ ಸಂಪಾದಕರೊಬ್ಬರು ಬರೆದ ಪೀಠಿಕೆ, ಗದ್ಯಾನುವಾದ, ಹಳೆಯ ಪಾಕಶಬ್ದಗಳ ಅರ್ಥಕೋಶ, ಸೊಲ್ಲಿಗೆ ಮಾನ ಬಳ್ಳಗಳನ್ನು ಈಗಿನ ತೂಕಗಳಿಗೆ ಇಳಿಸಿ ಬರೆದ ಟಿಪ್ಪಣಿ ಇವು ಮಂಗರಸನವಲ್ಲ. ಗದ್ಯಾನುವಾದವನ್ನು ಎತ್ತಿಕೊಂಡು ಮಂಗರಸನ ಹೆಸರನ್ನಷ್ಟೇ ಹಾಕುವವನು, ಸತ್ತ ಕವಿಗೆ ಮರ್ಯಾದೆ ತೋರಿದಂತೆ ನಟಿಸಿ, ಬದುಕಿರುವ ವಿದ್ವಾಂಸನ ಶಬ್ದವನ್ನು ಹರಣ ಮಾಡಿದವನಾಗುತ್ತಾನೆ.