ಉಪ್ಪು ಬಿಟ್ಟರೂ ಬಿಪಿ ಇಳಿಯುತ್ತಿಲ್ಲವೇ? ಈ ಪುಟ್ಟ ಗ್ರಂಥಿಯೂ ಕಾರಣವಿರಬಹುದು

‘ಉಪ್ಪು ಕಡಿಮೆ ಮಾಡಿ, ಟೆನ್ಷನ್ ಬಿಡಿ, ಬಿಪಿ ತಾನಾಗಿಯೇ ಇಳಿಯುತ್ತದೆ’ ಎಂಬ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಅರ್ಧ ಸತ್ಯ. ಉಪ್ಪು ಕಡಿಮೆ ತಿನ್ನುವುದು ಒಳ್ಳೆಯದೇ. ಆದರೆ ಕೆಲವರ ಬಿಪಿಗೆ ಮೂಲ ಕಾರಣ ಬೇರೆಯೇ ಇರುತ್ತದೆ.

ಏನಿದು ಅಡ್ರಿನಲ್ ಗ್ರಂಥಿ?

ಎರಡೂ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗಳಿವು. ಇಲ್ಲಿ ತಯಾರಾಗುವ ಅಲ್ಡೋಸ್ಟಿರಾನ್ ಎಂಬ ಹಾರ್ಮೋನ್, ದೇಹದಲ್ಲಿ ಎಷ್ಟು ಉಪ್ಪು ಉಳಿಯಬೇಕೆಂದು ಕಿಡ್ನಿಗೆ ಸೂಚಿಸುತ್ತದೆ. ಗ್ರಂಥಿಯಲ್ಲಿ ಸಣ್ಣ ಗಂಟು ಬೆಳೆದರೆ (ಬಹುತೇಕ ಇದು ಕ್ಯಾನ್ಸರ್ ಅಲ್ಲ) ಅಥವಾ ಎರಡೂ ಗ್ರಂಥಿಗಳು ಅತಿಯಾಗಿ ಕೆಲಸ ಮಾಡಿದರೆ ಈ ಹಾರ್ಮೋನ್ ಹೆಚ್ಚಾಗುತ್ತದೆ. ಆಗ ಉಪ್ಪು, ನೀರು ದೇಹದಲ್ಲೇ ಉಳಿದು ಬಿಪಿ ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುತ್ತದೆ. 1955ರಲ್ಲಿ ಅಮೆರಿಕದ ವೈದ್ಯ ಜೆರೋಮ್ ಕಾನ್ ಇದನ್ನು ವಿವರಿಸಿದ್ದರಿಂದ ‘ಕಾನ್ ಸಿಂಡ್ರೋಮ್’ ಎಂಬ ಹೆಸರು ಬಂತು.

ಪೊಟ್ಯಾಸಿಯಂ ಕಡಿಮೆಯಾದರೆ ಕೈಕಾಲು ಸೋಲುತ್ತವೆ, ಮೀನಖಂಡ ಹಿಡಿದುಕೊಳ್ಳುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದುಡಿಯುವವರು, ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಇದನ್ನು ‘ಕೆಲಸದ ದಣಿವು’ ಎಂದುಕೊಂಡು ಸುಮ್ಮನಾಗುವುದು ಸುಲಭ. ಪೊಟ್ಯಾಸಿಯಂ ಸರಿಯಾಗಿದ್ದರೂ ಈ ಕಾಯಿಲೆ ಇರಬಹುದು ಎಂಬುದೂ ನೆನಪಿರಲಿ.

ಬಿಪಿ ಒಂದೇ ಅಲ್ಲ

ಅತಿಯಾದ ಅಲ್ಡೋಸ್ಟಿರಾನ್ ಹೃದಯದ ಸ್ನಾಯು ಮತ್ತು ರಕ್ತನಾಳಗಳನ್ನು ನೇರವಾಗಿಯೇ ಗಡುಸಾಗಿಸುತ್ತದೆ. ಹೀಗಾಗಿ ಅಷ್ಟೇ ಬಿಪಿ ಇರುವ ಇತರರಿಗಿಂತ ಇವರಿಗೆ ಪಾರ್ಶ್ವವಾಯು, ಹೃದಯ ಬಡಿತದ ಏರುಪೇರು, ಕಿಡ್ನಿ ಹಾನಿಯ ಅಪಾಯ ಹೆಚ್ಚು.

ಇದೇ ಗ್ರಂಥಿಯ ಕಾರ್ಟಿಸೋಲ್, ಅಡ್ರಿನಲಿನ್ ಹೆಚ್ಚಾದರೂ ಬಿಪಿ ಏರುತ್ತದೆ. ಮಂಡಿನೋವಿಗೆಂದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ಸ್ಟಿರಾಯ್ಡ್ ಗುಳಿಗೆಗಳದ್ದೂ ಕಾರ್ಟಿಸೋಲ್‌ನಂಥದ್ದೇ ಪರಿಣಾಮ.

ಯಾರು ವೈದ್ಯರನ್ನು ಕೇಳಬೇಕು?

• ಮೂರು ಬಗೆಯ ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯದವರು
• ಚಿಕ್ಕ ವಯಸ್ಸಿಗೇ ಬಿಪಿ ಬಂದವರು
• ಪೊಟ್ಯಾಸಿಯಂ ಕಡಿಮೆ ಇರುವವರು
• ಬಿಪಿ ಜೊತೆ ಆಗಾಗ ತಲೆನೋವು, ಬೆವರು, ಎದೆಬಡಿತ ಒಟ್ಟಿಗೇ ಬರುವವರು

‘ಅಲ್ಡೋಸ್ಟಿರಾನ್, ರೆನಿನ್ ರಕ್ತಪರೀಕ್ಷೆ ನನಗೆ ಬೇಕೇ?’ ಎಂದು ಕೇಳಿ. ಒಂದೇ ಗ್ರಂಥಿಯಲ್ಲಿ ತೊಂದರೆಯಿದ್ದರೆ ಶಸ್ತ್ರಚಿಕಿತ್ಸೆ, ಎರಡರಲ್ಲೂ ಇದ್ದರೆ ಈ ಹಾರ್ಮೋನ್ ತಡೆಯುವ ಮಾತ್ರೆಗಳಿವೆ. ಈ ಲೇಖನ ಓದಿ ಈಗಿನ ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.